ಬೇಸಿಗೆಗೆ ಶರಬತ್ತಿನ ಪಾಕ: ಸಾದಾ ಪಾಕದಿಂದ ನನ್ನಾರಿ, ದಾಳಿಂಬೆವರೆಗೆ ಮನೆಯಲ್ಲೇ ಮಾಡುವ ವಿಧಾನ

ದಾವಣಗೆರೆಯಲ್ಲಿ ಸಂಜೆ ಖಾರ ಮಂಡಕ್ಕಿ, ಮಿರ್ಚಿ ತಿಂದವರು ಆಮೇಲೆ ಹುಡುಕುವುದು ಸೋಡಾ ಶರಬತ್ತನ್ನೇ. ಮುಂದಿನ ಸಲ ಕುಡಿಯಲು ಹೋದಾಗ ಅಂಗಡಿಯವರ ಕೈ ಸ್ವಲ್ಪ ಗಮನಿಸಿ. ನಿಂಬೆಹಣ್ಣು ಹಿಂಡುತ್ತಾರೆ, ಚಿಟಿಕೆ ಉಪ್ಪು ಹಾಕುತ್ತಾರೆ, ಬಾಟಲಿಯಿಂದ ಪಾಕ ಸುರಿಯುತ್ತಾರೆ, ಕೊನೆಗೆ ಸೋಡಾ. ಸಕ್ಕರೆ ಡಬ್ಬಿಗೆ ಅಲ್ಲಿ ಕೆಲಸವೇ ಇಲ್ಲ. ಮನೆಯಲ್ಲಿ ನಾವೇನು ಮಾಡುತ್ತೇವೆ? ತಣ್ಣೀರಿಗೆ ಎರಡು ಚಮಚ ಸಕ್ಕರೆ ಹಾಕಿ ಟಣಟಣ ಅಂತ ತಿರುಗಿಸುತ್ತಾ ನಿಲ್ಲುತ್ತೇವೆ. ಮೊದಲ ಗುಟುಕು ಬರೀ ಹುಳಿ. ಕೊನೆಯ ಗುಟುಕಿನಲ್ಲಿ ಸಕ್ಕರೆ ಹರಳು ಹಲ್ಲಿಗೆ ಸಿಗುತ್ತದೆ.

ತಣ್ಣೀರಿನಲ್ಲೂ ಸಕ್ಕರೆ ಕರಗುತ್ತದೆ, ಆದರೆ ತುಂಬಾ ನಿಧಾನ. ಸೋಡಾದಲ್ಲಂತೂ ಇನ್ನೂ ತೊಂದರೆ. ಒಣ ಸಕ್ಕರೆ ಬಿದ್ದ ಕೂಡಲೇ ಆ ಹರಳುಗಳ ಒರಟು ಮೈಗೆ ಗ್ಯಾಸ್ ಗುಳ್ಳೆ ಕಟ್ಟಿ, ಸೋಡಾ ಬುಸ್ ಅಂತ ಉಕ್ಕಿ ಹೊರಗೆ ಚೆಲ್ಲುತ್ತದೆ. ಉಳಿಯುವುದು ಸಪ್ಪೆ ಸಿಹಿನೀರು. ಪಾಕ ಮಾಡಿಟ್ಟುಕೊಂಡರೆ ಈ ಎರಡೂ ತಾಪತ್ರಯ ಇರುವುದಿಲ್ಲ.

ನಮ್ಮ ಮನೆಯಲ್ಲಿ ಶಿವರಾತ್ರಿ ಮುಗಿದ ವಾರದಲ್ಲೇ ಎರಡು ಬಾಟಲಿ ಪಾಕ ಫ್ರಿಜ್ ಸೇರುತ್ತದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಲ್ಲಿ ಯಾರಾದರೂ ಬಂದರೆ, ಅವರು ಚಪ್ಪಲಿ ಬಿಟ್ಟು ಕೂರುವಷ್ಟರಲ್ಲಿ ಶರಬತ್ತು ಕೈಗೆ ಕೊಡಬಹುದು. ಇದಕ್ಕೆ ದೊಡ್ಡ ಸಾಮಾನೇನೂ ಬೇಡ. ಒಂದು ತಕ್ಕಡಿ, ಒಂದು ಸ್ಟೀಲ್ ಪಾತ್ರೆ, ಸೋಸುವ ಬಟ್ಟೆ, ಗಾಜಿನ ಬಾಟಲಿ ಇದ್ದರೆ ಸಾಕು.

ಉಂಡೆ ಪಾಕ ಬೇರೆ, ಶರಬತ್ತಿನ ಪಾಕ ಬೇರೆ

ಪಾಕ ಅಂದ ತಕ್ಷಣ ನಮ್ಮ ಕೈ ತಾನಾಗಿಯೇ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ನೋಡಲು ಹೋಗುತ್ತದೆ. ಅವ್ವ ಉಂಡೆ ಕಟ್ಟುವಾಗ ಕಲಿಸಿದ್ದೇ ಅದು. ಒಂದೆಳೆ, ಎರಡೆಳೆ, ನೀರಿಗೆ ಬಿಟ್ಟರೆ ಉಂಡೆಗಟ್ಟುವ ಪಾಕ. ಉಂಡೆಗೆ ಅದೇ ಸರಿ. ಕುಡಿಯುವ ಪಾಕಕ್ಕೆ ಮಾತ್ರ ಎಳೆ ಬರಲೇಬಾರದು. ಎಳೆ ಬಂತು ಅಂದರೆ ನೀರು ಬೇಕಾದ್ದಕ್ಕಿಂತ ಜಾಸ್ತಿ ಆವಿಯಾಗಿ ಹೋಗಿದೆ ಅಂತ ಅರ್ಥ.

ನಾನು ಮೊದಲ ವರ್ಷ ಇದೇ ತಪ್ಪು ಮಾಡಿದೆ. ಗಟ್ಟಿಯಾದಷ್ಟೂ ಚೆನ್ನಾಗಿ ಬಾಳುತ್ತದೆ ಅಂದುಕೊಂಡು ಎಳೆ ಬರುವವರೆಗೆ ಕುದಿಸಿ ಬಾಟಲಿಗೆ ತುಂಬಿಟ್ಟೆ. ಹತ್ತು ದಿನಕ್ಕೆ ತಳದಲ್ಲಿ ಎರಡು ಬೆರಳು ದಪ್ಪ ಕಲ್ಲುಸಕ್ಕರೆ ಕೂತಿತ್ತು. ಮೇಲೆ ಉಳಿದ ಪಾಕ ತೆಳ್ಳಗಾಗಿತ್ತು. ಬಾಟಲಿ ಅಲ್ಲಾಡಿಸಿದರೂ ಹರಳು ಕದಲಲಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಕರಗಿಸಲು ಒಂದು ಬೆಳಗ್ಗೆಯೇ ಹೋಯಿತು.

ಕಾರಣ ಇಷ್ಟೇ. ನೀರು ಎಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಬಿಸಿಯ ಮೇಲೆ ನಿಂತಿದೆ. ಕುದಿಯುವ ನೀರು ತನ್ನ ತೂಕದ ನಾಲ್ಕು ಪಟ್ಟಿಗಿಂತ ಜಾಸ್ತಿ ಸಕ್ಕರೆ ಕರಗಿಸಿಕೊಳ್ಳುತ್ತದೆ. 20 ಡಿಗ್ರಿಗೆ ಬಂದಾಗ ಸುಮಾರು ಎರಡು ಪಟ್ಟು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಫ್ರಿಜ್ ತಂಪಿಗೆ ಅದಕ್ಕಿಂತಲೂ ಕಮ್ಮಿ. ಹೆಚ್ಚಾದ ಸಕ್ಕರೆ ಹರಳಾಗಿ ತಳಕ್ಕೆ ಇಳಿಯುತ್ತದೆ. ಹಾಗಾಗಿ ಈಗ ನಾನು ಎಳೆ ನೋಡುವುದನ್ನು ಬಿಟ್ಟು ತೂಕ ನೋಡುತ್ತೇನೆ.

ಥರ್ಮಾಮೀಟರ್ ಇದ್ದವರಿಗೆ ಒಂದು ಮಾತು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 700ಕ್ಕೂ ಮೇಲೆ. ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಅಡುಗೆ ಪುಸ್ತಕದಲ್ಲಿರುವ ಪಾಕದ ಡಿಗ್ರಿಗಳು ನಮ್ಮಲ್ಲಿ ಎರಡು ಡಿಗ್ರಿ ಆಚೀಚೆ ಆಗುತ್ತವೆ. ತಕ್ಕಡಿಗೆ ಆ ತಕರಾರು ಇಲ್ಲ.

ಎರಡು ಅಳತೆ ಸಾಕು

ತೆಳು ಪಾಕಕ್ಕೆ 1 ಕೆಜಿ ಸಕ್ಕರೆ, 1 ಲೀಟರ್ ನೀರು. ಸುಮಾರು 1.6 ಲೀಟರ್ ಪಾಕ ಸಿಗುತ್ತದೆ. ಇದನ್ನು ಮಾಡುವುದು ಸುಲಭ, ತಣ್ಣೀರಲ್ಲಿ ಕ್ಷಣದಲ್ಲಿ ಬೆರೆಯುತ್ತದೆ. ಆದರೆ ಫ್ರಿಜ್‌ನಲ್ಲೂ ಎರಡು ಮೂರು ವಾರಕ್ಕಿಂತ ಹೆಚ್ಚು ನಂಬಬೇಡಿ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಕೆಲವೇ ದಿನಕ್ಕೆ ಹುಳಿ ಬರುತ್ತದೆ.

ಗಟ್ಟಿ ಪಾಕಕ್ಕೆ 1 ಕೆಜಿ ಸಕ್ಕರೆ, 550 ಮಿ.ಲೀ. ನೀರು. ಸುಮಾರು 1.2 ಲೀಟರ್ ಪಾಕ ಆಗುತ್ತದೆ. ಎಲ್ಲ ಕಡೆ ಹೇಳುವ ಅಳತೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು, ಅಂದರೆ 500 ಮಿ.ಲೀ. ಔಷಧಿಗೆ ಬಳಸುವ ಸಾದಾ ಸಿರಪ್‌ಗೆ ಇಂಡಿಯನ್ ಫಾರ್ಮಕೋಪಿಯಾ (ಔಷಧಿಗಳ ಗುಣಮಟ್ಟದ ಅಧಿಕೃತ ಪುಸ್ತಕ) ಹೇಳುವುದೂ ಇದೇ ಲೆಕ್ಕ, ತೂಕದಲ್ಲಿ 66.7 ಶೇಕಡಾ ಸಕ್ಕರೆ. ಅಷ್ಟು ಸಕ್ಕರೆ ಇದ್ದಾಗ ಕೆಡಿಸುವ ಸೂಕ್ಷ್ಮಾಣುಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ. ಆದರೆ ಆ ಅಳತೆಯ ಪಾಕ ಫ್ರಿಜ್ ತಂಪಿಗೆ ಹರಳುಗಟ್ಟುವ ಗಡಿಯಲ್ಲಿರುತ್ತದೆ. ಅದಕ್ಕೇ ನಾನು 50 ಮಿ.ಲೀ. ನೀರು ಜಾಸ್ತಿ ಹಾಕುತ್ತೇನೆ. ಫ್ರಿಜ್‌ನಲ್ಲಿ ಮೂರು ತಿಂಗಳು ಆರಾಮಾಗಿ ಬರುತ್ತದೆ. ಬೇಸಿಗೆಗೆ ಅಷ್ಟು ಬೇಕಾದಷ್ಟಾಯಿತು.

ದಯವಿಟ್ಟು ಲೋಟದಲ್ಲಿ ಅಳೆಯಬೇಡಿ. 200 ಮಿ.ಲೀ. ಲೋಟದಲ್ಲಿ ನೀರು 200 ಗ್ರಾಂ ಹಿಡಿಯುತ್ತದೆ, ಸಕ್ಕರೆ 170 ಗ್ರಾಂ ಆಸುಪಾಸು. ಹರಳುಗಳ ನಡುವೆ ಗಾಳಿ ಇರುತ್ತದಲ್ಲ, ಅದಕ್ಕೆ. ಲೋಟಕ್ಕೆ ಲೋಟ ಹಾಕಿದವರ ಪಾಕ ಅವರಿಗೇ ಗೊತ್ತಿಲ್ಲದೆ ತೆಳ್ಳಗಾಗಿ ಬೇಗ ಕೆಡುತ್ತದೆ. ತಕ್ಕಡಿ ಇಲ್ಲವೇ? 1 ಕೆಜಿ ಸಕ್ಕರೆ ಪೊಟ್ಟಣವನ್ನೇ ಪೂರ್ತಿ ಸುರಿದುಬಿಡಿ. ನೀರನ್ನು ಮಾತ್ರ ಗೆರೆ ಇರುವ ಅಳತೆ ಪಾತ್ರೆಯಲ್ಲಿ ಅಳೆಯಿರಿ.

ನೀರು, ಸಕ್ಕರೆ ಹೇಗಿರಬೇಕು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಕೂಡ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನೂ ಸಾಂದ್ರವಾಗುತ್ತದೆ. ಬೋರಿನ ನೀರಲ್ಲಿ ಮಾಡಿದ ಪಾಕ ಮಬ್ಬಾಗಿ ಕಾಣುತ್ತದೆ, ನಾಲಿಗೆಗೆ ಒಂಥರಾ ಸವಳು ಬಡಿಯುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಅಥವಾ ಮನೆಯ ಆರ್‌ಒ ಫಿಲ್ಟರ್ ನೀರು ಬಳಸಿ.

ಸಕ್ಕರೆ ಮಾಮೂಲಿ ಬಿಳಿ ಸಕ್ಕರೆಯೇ ಇರಲಿ. ಸಣ್ಣ ಹರಳಿನದು ಬೇಗ ಕರಗುತ್ತದೆ, ದಪ್ಪದ್ದು ನಿಧಾನ, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಹಿಂದೆ ಪಾಕಕ್ಕೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆಯುತ್ತಿದ್ದರು. ಜಾಮೂನಿಗೆ ಮಾಡಿದರೆ ತಪ್ಪಿಲ್ಲ. ತಿಂಗಳುಗಟ್ಟಲೆ ಇಡುವ ಪಾಕಕ್ಕೆ ಹಾಲು ಬೇಡ. ಅದರ ಚೂರು ಒಳಗೆ ಉಳಿದರೆ ಅಲ್ಲಿಂದಲೇ ಕೆಡಲು ಶುರು. ಈಗಿನ ಸಕ್ಕರೆಯಲ್ಲಿ ಅಷ್ಟು ಕೊಳೆಯೂ ಇರುವುದಿಲ್ಲ. ಕುದಿ ಬರುವಾಗ ಅಂಚಿನಲ್ಲಿ ಸೇರುವ ಬೂದುಬಣ್ಣದ ನೊರೆಯನ್ನು ಚಮಚದಲ್ಲಿ ತೆಗೆದರೆ ಆಯಿತು.

ಗಟ್ಟಿ ಪಾಕ ಮಾಡುವ ಕ್ರಮ

ಮೊದಲು ಖಾಲಿ ಪಾತ್ರೆ ತೂಗಿ ಒಂದು ಚೀಟಿಯಲ್ಲಿ ಬರೆದಿಡಿ. ಈ ಒಂದು ಕೆಲಸವನ್ನು ಬಿಡಬೇಡಿ, ಕೊನೆಯಲ್ಲಿ ಇದೇ ಕೈ ಹಿಡಿಯುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ ಒಳ್ಳೆಯದು. ಕಬ್ಬಿಣ, ಅಲ್ಯೂಮಿನಿಯಂ ಬೇಡ, ಹುಳಿ ಹಾಕಿದಾಗ ಬಣ್ಣವೂ ರುಚಿಯೂ ಕೆಡುತ್ತವೆ.

ನೀರು ಮೊದಲು, ಸಕ್ಕರೆ ಆಮೇಲೆ. ಸಕ್ಕರೆಯನ್ನು ಪಾತ್ರೆಯ ನಡುವೆ ಮೆಲ್ಲಗೆ ಸುರಿಯಿರಿ. ಅಂಚಿಗೆ ತಾಗಿದರೆ ಒಣ ಹರಳು ಗೋಡೆಗೆ ಅಂಟಿ ಉಳಿಯುತ್ತದೆ. ಆ ಒಂದು ಹರಳು ಆಮೇಲೆ ಪಾಕಕ್ಕೆ ಬಿದ್ದರೂ ಸಾಕು, ಅದರ ಮೇಲೆ ಇನ್ನಷ್ಟು ಹರಳು ಕಟ್ಟುತ್ತಾ ಹೋಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ.

ಸಣ್ಣ ಉರಿಯಲ್ಲಿ ಇಟ್ಟು ಸಕ್ಕರೆ ಪೂರ್ತಿ ಕರಗುವವರೆಗೆ ತಿರುಗಿಸಿ. ಕುದಿ ಬರುವ ಮೊದಲೇ ಕರಗಿರಬೇಕು. ಕರಗಿದೆಯೋ ಇಲ್ಲವೋ ಅಂತ ನೋಡಲು ಸೌಟಿನ ಹಿಂಭಾಗಕ್ಕೆ ಸ್ವಲ್ಪ ಪಾಕ ತಗೊಂಡು ಬೆಳಕಿಗೆ ಹಿಡಿಯಿರಿ. ಹರಳು ಇದ್ದರೆ ಮಿನುಗುತ್ತದೆ. ಇಲ್ಲದಿದ್ದರೆ ಗಾಜಿನ ಹಾಗೆ ತಿಳಿಯಾಗಿರುತ್ತದೆ, ಸೌಟಿನ ಮೇಲಿನ ಗೀರು ಕೂಡ ಅದರೊಳಗಿಂದ ಕಾಣುತ್ತದೆ.

ಕರಗಿದ ಮೇಲೆ ತಿರುಗಿಸುವುದನ್ನು ನಿಲ್ಲಿಸಿ. ಒಂದು ಟೀ ಚಮಚ ನಿಂಬೆರಸ, ಇಲ್ಲವೇ ಕಾಲು ಟೀ ಚಮಚ ನಿಂಬೆ ಉಪ್ಪು ಹಾಕಿ. ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಅಂತಲೂ ಕೇಳಬಹುದು. ಹುಳಿ ಮತ್ತು ಬಿಸಿ ಸೇರಿದಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬೇರೆ ಬೇರೆ ಸಕ್ಕರೆ ಬೆರೆತಿದ್ದರೆ ಹರಳು ಸುಲಭಕ್ಕೆ ಕಟ್ಟುವುದಿಲ್ಲ. ಇಷ್ಟು ಹುಳಿ ನಾಲಿಗೆಗೆ ಗೊತ್ತಾಗುವುದಿಲ್ಲ, ಟೀ ಕಾಫಿಗೂ ಬಳಸಬಹುದು.

ಈಗ ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ ಕುದಿಸಿ. ಮುಚ್ಚಳದಿಂದ ಇಳಿಯುವ ಆವಿ ನೀರು ಪಾತ್ರೆಯ ಗೋಡೆಯನ್ನು ತಾನೇ ತೊಳೆಯುತ್ತದೆ. ಒಲೆ ಆರಿಸಿ. ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬಿಸಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ.

ಈಗ ತೂಗಿ. ಪಾತ್ರೆಯ ತೂಕ ಕಳೆದರೆ 1550 ಗ್ರಾಂ ಇರಬೇಕು. 1500 ಬಂದರೆ 50 ಮಿ.ಲೀ. ಕುದಿಸಿದ ನೀರು ಸೇರಿಸಿ ಒಂದು ಸುತ್ತು ತಿರುಗಿಸಿ. 1600 ಇದ್ದರೆ ಮುಚ್ಚಳ ತೆಗೆದು ಇನ್ನೊಂದೆರಡು ನಿಮಿಷ ಕುದಿಸಿ. ಎಳೆ, ಹನಿ, ಬಣ್ಣ ಯಾವುದನ್ನೂ ನೋಡುವ ಅಗತ್ಯ ಇಲ್ಲ. ತೆಳು ಪಾಕಕ್ಕೂ ಇದೇ ಕ್ರಮ, ಕೊನೆಯ ತೂಕ 2 ಕೆಜಿ.

ಬಾಟಲಿಗೆ ತುಂಬುವಾಗ

ಪಾಕ ಕೆಡುವುದು ಹೆಚ್ಚಾಗಿ ಬಾಟಲಿಯಿಂದ. ಗಾಜಿನ ಬಾಟಲಿಯನ್ನು ಸೋಪಿನಲ್ಲಿ ತೊಳೆದು, ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ನೀರಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಿ. ಬಟ್ಟೆ ಇಲ್ಲದಿದ್ದರೆ ಬಾಟಲಿ ತಳಕ್ಕೆ ಬಡಿದು ಸೀಳುತ್ತದೆ. ಮುಚ್ಚಳ, ಲಾಳಿಕೆ, ಸೌಟನ್ನೂ ಅದೇ ನೀರಿಗೆ ಹಾಕಿ. ಆಮೇಲೆ ಶುಭ್ರ ಬಟ್ಟೆಯ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಳಗೆ ಒಂದು ಚಮಚ ನೀರು ಉಳಿದರೂ ಅಷ್ಟು ಪಾಕ ತೆಳ್ಳಗಾಯಿತು.

ಬಾಟಲಿ ಬೆಚ್ಚಗಿರುವಾಗಲೇ ಬಿಸಿ ಪಾಕ ತುಂಬಿ. ತಣ್ಣನೆ ಗಾಜಿಗೆ ಬಿಸಿ ಪಾಕ ಬಿದ್ದರೆ ಒಡೆಯುತ್ತದೆ. ಕುತ್ತಿಗೆಯ ಹತ್ತಿರ ಒಂದು ಬೆರಳು ಜಾಗ ಬಿಟ್ಟು ಮುಚ್ಚಳ ಹಾಕಿ.

ಇಲ್ಲೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಅಳತೆ ಸರಿ ಇತ್ತು, ಬಾಟಲಿ ಶುಭ್ರ ಇತ್ತು, ಆದರೂ ಒಂದು ವರ್ಷ ಪಾಕದ ಮೇಲ್ಮೈಯಲ್ಲಿ, ಕುತ್ತಿಗೆಯ ಸುತ್ತ ಬಿಳಿ ಬೂಷ್ಟು ಬಂತು. ಕೆಳಗಿನ ಪಾಕ ಚೆನ್ನಾಗೇ ಕಾಣುತ್ತಿತ್ತು. ಆದದ್ದು ಏನೆಂದರೆ, ಬಿಸಿ ಪಾಕದ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾಕದ ಮೇಲೆ ಬೀಳುತ್ತದೆ. ಪಾಕ ಭಾರ, ನೀರು ಹಗುರ. ಹಾಗಾಗಿ ಮೇಲೆ ತೆಳ್ಳನೆ ನೀರಿನ ಪದರ ನಿಲ್ಲುತ್ತದೆ. ಬೂಷ್ಟಿಗೆ ಅಷ್ಟೇ ಸಾಕು. ಈಗ ಬಾಟಲಿ ಪೂರ್ತಿ ತಣ್ಣಗಾದ ಮೇಲೆ ನಾಲ್ಕು ಸಲ ಮೇಲೆ ಕೆಳಗೆ ತಿರುವಿ ಆ ನೀರನ್ನು ಪಾಕಕ್ಕೆ ಸೇರಿಸುತ್ತೇನೆ, ಆಮೇಲೆ ಫ್ರಿಜ್‌ಗೆ. ಆಗಿನಿಂದ ಬೂಷ್ಟು ಕಂಡಿಲ್ಲ.

ಬಾಟಲಿಗೆ ತಾರೀಖು ಬರೆದ ಚೀಟಿ ಅಂಟಿಸಿ. ಒಳಗೆ ಚಮಚ ಹಾಕಬೇಡಿ, ಸುರಿದುಕೊಳ್ಳಿ. ಬಾಯಿಗೆ ಹನಿ ಅಂಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇರುವೆಗೂ ಬೂಷ್ಟಿಗೂ ಮೊದಲು ಸಿಗುವುದು ಅದೇ.

ಬೆಲ್ಲದ ಪಾಕ

ರಾಮನವಮಿ ಪಾನಕಕ್ಕೆ ಬೆಲ್ಲವೇ ಆಗಬೇಕು. 1 ಕೆಜಿ ಬೆಲ್ಲ ಕುಟ್ಟಿ 600 ಮಿ.ಲೀ. ನೀರಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿಯುವ ಮರಳು, ಕಬ್ಬಿನ ಸಿಬಿರು ನೋಡಿದರೆ ಸೋಸದೆ ಕುಡಿಯಲು ಮನಸ್ಸೇ ಬರುವುದಿಲ್ಲ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕಿಂತ ಕಂದು ಬಣ್ಣದ ಬೆಲ್ಲ ತಗೊಳ್ಳಿ, ಪರಿಮಳ ಅದರಲ್ಲೇ ಇರುವುದು. ಬೆಲ್ಲದಲ್ಲಿ ಒಡೆದ ಸಕ್ಕರೆ ಮೊದಲೇ ಇರುವುದರಿಂದ ಹರಳಿನ ಭಯ ಕಮ್ಮಿ. ಆದರೆ ಬೇಗ ಹುಳಿಯುತ್ತದೆ, ಫ್ರಿಜ್‌ನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ.

50 ಜನಕ್ಕೆ ಪಾನಕ ಅಂದರೆ ಈ ಒಂದು ಕೆಜಿ ಬೆಲ್ಲದ ಪಾಕಕ್ಕೆ ಸುಮಾರು 6 ಲೀಟರ್ ತಣ್ಣನೆ ನೀರು, 10-12 ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ, ಕಾಳುಮೆಣಸಿನ ಪುಡಿ. ಚಿಕ್ಕ ಲೋಟದಲ್ಲಿ ಎಲ್ಲರಿಗೂ ಬರುತ್ತದೆ.

ಪರಿಮಳದ ಪಾಕಗಳು

ದಾಳಿಂಬೆ ಬಿಟ್ಟರೆ ಇಲ್ಲಿ ಹೊಸ ಅಳತೆ ಏನೂ ಇಲ್ಲ. ಗಟ್ಟಿ ಪಾಕದಲ್ಲಿ 550 ಮಿ.ಲೀ. ಸಾದಾ ನೀರಿನ ಜಾಗಕ್ಕೆ 550 ಮಿ.ಲೀ. ಪರಿಮಳದ ನೀರು. ಅಷ್ಟೇ ವ್ಯತ್ಯಾಸ. ಆ ನೀರನ್ನು ಮಾಡಿಕೊಳ್ಳುವ ರೀತಿ ಮಾತ್ರ ಒಂದೊಂದಕ್ಕೆ ಒಂದೊಂದು.

*ನನ್ನಾರಿ.* ನನಗೆ ಎಲ್ಲಕ್ಕಿಂತ ಪ್ರೀತಿಯದು ಇದು. ಸೊಗದೆ ಬೇರು, ನಾಮದ ಬೇರು ಅಂತಲೂ ಹೇಳುತ್ತಾರೆ, ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಒಂದು ತುಂಡು ಉಗುರಿನಲ್ಲಿ ಕೆರೆದು ಮೂಸಿ. ಸಿಹಿಯಾದ ಘಮ ಬರಬೇಕು. ಬರೀ ಮಣ್ಣಿನ ವಾಸನೆ ಬಂದರೆ ಹಳೆಯ ಸರಕು, ಬಿಟ್ಟುಬಿಡಿ.

100 ಗ್ರಾಂ ಬೇರನ್ನು ನಾಲ್ಕೈದು ನೀರಲ್ಲಿ ತೊಳೆಯಿರಿ, ಮಣ್ಣು ತುಂಬಾ ಇರುತ್ತದೆ. ನೆರಳಲ್ಲಿ ಒಣಗಿಸಿ ಕುಟ್ಟಾಣಿಯಲ್ಲಿ ಜಜ್ಜಿ. ಹೊರಗಿನ ಕಂದು ಸಿಪ್ಪೆ ಬಿಟ್ಟುಕೊಂಡು ಒಳಗೆ ಬಿಳಿ ಕಡ್ಡಿ ಕಾಣುತ್ತದೆ. ಘಮ ಇರುವುದು ಸಿಪ್ಪೆಯಲ್ಲಿ. ಕಡ್ಡಿಯನ್ನು ಎಳೆದು ಬಿಸಾಡಿ. ಬೇಜಾರಿನ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಇದನ್ನು ಮಾಡಿದವರ ಪಾಕಕ್ಕೂ ಮಾಡದವರ ಪಾಕಕ್ಕೂ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ. 700 ಮಿ.ಲೀ. ನೀರು ಕುದಿಸಿ, ಒಲೆ ಆರಿಸಿ, ಸಿಪ್ಪೆ ಹಾಕಿ ಮುಚ್ಚಿಡಿ. ಆರಿದ ಮೇಲೆ ಫ್ರಿಜ್‌ಗೆ ಇಡಿ, ರಾತ್ರಿಯೆಲ್ಲಾ ನೆನೆಯಲಿ.

ಬೆಳಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ, ಒಂದು ಗಂಟೆ ಅಲ್ಲಾಡಿಸದೆ ಬಿಡಿ. ತಳಕ್ಕೆ ನುಣ್ಣನೆ ಮಣ್ಣು ಇಳಿದಿರುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. 550 ಮಿ.ಲೀ. ಅಳೆದು 1 ಕೆಜಿ ಸಕ್ಕರೆ ಹಾಕಿ ಕರಗಿಸಿ. ಒಂದು ಕುದಿ ಬಂದ ತಕ್ಷಣ ಒಲೆ ಆರಿಸಿ, ಜಾಸ್ತಿ ಕುದಿಸಿದರೆ ಘಮ ಅಡುಗೆಮನೆಗೆ ಹೋಗುತ್ತದೆ, ಬಾಟಲಿಗೆ ಉಳಿಯುವುದಿಲ್ಲ. ಪಾಕ ಜೇನಿನ ಬಣ್ಣಕ್ಕೆ ಬರುತ್ತದೆ. ಅಂಗಡಿಯ ನನ್ನಾರಿಯಷ್ಟು ಕಪ್ಪಗಾಗಲಿಲ್ಲ ಅಂತ ಚಿಂತೆ ಬೇಡ.

ಲಾವಂಚದ ಬೇರಿಗೂ ಇದೇ ವಿಧಾನ, 30 ಗ್ರಾಂ ಸಾಕು, ಜಜ್ಜುವುದು ಬೇಡ.

*ಶುಂಠಿ.* 250 ಗ್ರಾಂ ಹಸಿಶುಂಠಿ ಸಿಪ್ಪೆ ಕೆರೆದು, 300 ಮಿ.ಲೀ. ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ ಹಿಂಡಿ. ಆ ರಸವನ್ನು ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ಸುಣ್ಣದ ಹಾಗೆ ಬಿಳಿ ಗಸಿ ಕೂರುತ್ತದೆ. ಅದು ಶುಂಠಿಯ ಪಿಷ್ಟ. ಅದು ಸೇರಿದರೆ ಪಾಕ ಗಂಜಿಯ ಹಾಗೆ ಮಂದವಾಗುತ್ತದೆ. ಮೇಲಿನ ತಿಳಿ ಬಗ್ಗಿಸಿ, 550 ಮಿ.ಲೀ. ಆಗುವಷ್ಟು ನೀರು ಸೇರಿಸಿ, ಸಕ್ಕರೆ ಹಾಕಿ ಮೂರು ನಿಮಿಷ ಕುದಿಸಿ. ಕೆಲವರು ಇದಕ್ಕೇ ನಿಂಬೆರಸ ಪೂರ್ತಿ ಹಾಕಿ ತುಂಬಿಡುತ್ತಾರೆ. ನನಗೆ ಅದು ಇಷ್ಟವಿಲ್ಲ. ನಿಂಬೆರಸ ಬಾಟಲಿಯಲ್ಲಿ ಕೂತರೆ ತಾಜಾತನ ಹೋಗಿ ಕಹಿ ತಿರುಗುತ್ತದೆ. ಕುಡಿಯುವಾಗಲೇ ಹಿಂಡಿ.

*ಗುಲಾಬಿ.* ಮಾರ್ಕೆಟ್ಟಿನ ಹಾರದ ಗುಲಾಬಿ ಬೇಡವೇ ಬೇಡ, ಔಷಧಿ ಹೊಡೆದಿರುತ್ತಾರೆ. ಮನೆಯಲ್ಲೋ ಗೊತ್ತಿರುವವರ ಹಿತ್ತಲಲ್ಲೋ ಬೆಳೆದ ಘಮವಿರುವ ಪನ್ನೀರು ಗುಲಾಬಿ ಆದರೆ ಮಾತ್ರ ಮಾಡಿ. 100 ಗ್ರಾಂ ಎಸಳನ್ನು ತೊಳೆದು, ಕುದಿಸಿ ಇಳಿಸಿದ 650 ಮಿ.ಲೀ. ನೀರು ಹುಯ್ದು ಮುಚ್ಚಿಡಿ. ನಾಲ್ಕು ಗಂಟೆ ಆದ ಮೇಲೆ ಎಸಳು ಬಣ್ಣ ಕಳೆದುಕೊಂಡು ಬಿಳಿಚಿರುತ್ತದೆ, ನೀರು ಮಂಕು ನೇರಳೆ ಬಣ್ಣದಲ್ಲಿರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಸೋಸಿ, ಅಳತೆಯಷ್ಟು ಸಕ್ಕರೆ ಕರಗಿಸಿ, ಈಗ ಎರಡು ಟೇಬಲ್ ಚಮಚ ನಿಂಬೆರಸ ಹನಿ ಹನಿಯಾಗಿ ಬಿಡಿ. ಹನಿ ಬಿದ್ದ ಜಾಗದಲ್ಲಿ ಕೆಂಪು ಎಳೆ ಮೂಡಿ ಹರಡುತ್ತದೆ. ಸೌಟಿನಲ್ಲಿ ಒಮ್ಮೆ ತಿರುಗಿಸಿದರೆ ಪಾತ್ರೆಯ ಪಾಕವೆಲ್ಲಾ ತಿಳಿ ಗುಲಾಬಿ ಬಣ್ಣಕ್ಕೆ ಬರುತ್ತದೆ. ಮಕ್ಕಳನ್ನು ಕರೆದು ತೋರಿಸಿ, ತುಂಬಾ ಖುಷಿಪಡುತ್ತಾರೆ. ಬಣ್ಣದ ಪುಡಿಯ ಅಗತ್ಯವೇ ಬೀಳುವುದಿಲ್ಲ.

*ದಾಳಿಂಬೆ.* ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ತೋಟಗಳು ಬೇಕಾದಷ್ಟಿವೆ. ನಮ್ಮ ಅಕ್ಕನ ಊರು ಹೊಸದುರ್ಗದ ಹತ್ತಿರ, ಅವಳು ಬರುವಾಗ ಸಿಪ್ಪೆ ಸೀಳಿದ ಹಣ್ಣು ಒಂದು ಚೀಲ ತರುತ್ತಾಳೆ. ಸಿಪ್ಪೆ ಸೀಳಿದ್ದು ಮಾರಾಟಕ್ಕೆ ಹೋಗುವುದಿಲ್ಲ, ಒಳಗಿನ ಕಾಳು ಚೆನ್ನಾಗೇ ಇರುತ್ತದೆ. ಬೂಷ್ಟು ಹತ್ತಿದ್ದನ್ನು ಮಾತ್ರ ತೆಗೆದುಹಾಕಿ. ಕಾಳು ಬಿಡಿಸಿ ಮಿಕ್ಸಿಯಲ್ಲಿ ಒಂದೆರಡು ಸಲ ಮಾತ್ರ ತಿರುಗಿಸಿ ನಿಲ್ಲಿಸಿ. ಪೂರ್ತಿ ರುಬ್ಬಿದರೆ ಬೀಜ ಒಡೆದು ಒಗರು ಬರುತ್ತದೆ. ಸೋಸಿ ರಸ ಅಳೆಯಿರಿ.

ಇದಕ್ಕೆ ಅಳತೆ ಬೇರೆ. ಹಣ್ಣಿನ ರಸದಲ್ಲಿ ತನ್ನದೇ ಸಕ್ಕರೆ ಇರುತ್ತದೆ, ದಾಳಿಂಬೆಯಲ್ಲಿ ಸುಮಾರು 15 ಶೇಕಡಾ. ಹಾಗಾಗಿ 500 ಮಿ.ಲೀ. ರಸಕ್ಕೆ 750 ಗ್ರಾಂ ಸಕ್ಕರೆ ಸಾಕು, ಗಟ್ಟಿ ಪಾಕದಷ್ಟೇ ಸಾಂದ್ರವಾಗುತ್ತದೆ. ಕುದಿಸಬೇಡಿ. ಬೆರಳು ಇಡಲಾಗದಷ್ಟು ಬಿಸಿಯಾದರೆ ಸಾಕು, ಸಕ್ಕರೆ ಕರಗಿದ ಕೂಡಲೇ ಇಳಿಸಿ. ಕುದಿಸಿದರೆ ಕೆಂಪು ಕಂದಾಗಿ, ಹಣ್ಣಿನ ರುಚಿ ಹೋಗಿ ಜಾಮ್ ರುಚಿ ಬರುತ್ತದೆ. ಒಂದು ನಿಂಬೆಹಣ್ಣಿನ ರಸ ಸೇರಿಸಿ, ಬಣ್ಣ ನಿಲ್ಲುತ್ತದೆ. ಕುದಿಸದ ಕಾರಣ ಮೂರು ವಾರದೊಳಗೆ ಮುಗಿಸಬೇಕು.

*ಏಲಕ್ಕಿ, ಪುದೀನ.* ಇವಕ್ಕೆ ಬೇರೆ ನೀರು ಮಾಡುವ ಕೆಲಸ ಇಲ್ಲ. ಸಾದಾ ಗಟ್ಟಿ ಪಾಕ ಇಳಿಸಿದ ಕೂಡಲೇ 12 ಏಲಕ್ಕಿ ಸಿಪ್ಪೆ ಸಮೇತ ಜಜ್ಜಿ ಹಾಕಿ, ಮುಚ್ಚಿ, ತಣ್ಣಗಾದ ಮೇಲೆ ಸೋಸಿ. ಪುದೀನ ಆದರೆ ಎರಡು ಹಿಡಿ ಎಲೆ, 20 ನಿಮಿಷಕ್ಕೇ ಸೋಸಿಬಿಡಿ, ತಡವಾದರೆ ಹುಲ್ಲಿನ ವಾಸನೆ. ಹಸಿರು ಬಣ್ಣ ಉಳಿಯುವುದಿಲ್ಲ, ಪರಿಮಳ ಉಳಿಯುತ್ತದೆ. ಪುದೀನ ಪಾಕಕ್ಕೆ ಎರಡು ವಾರ ಆಯಸ್ಸು.

ಏನಾದರೂ ಹೆಚ್ಚುಕಮ್ಮಿ ಆದರೆ

ತಳದಲ್ಲಿ ಹರಳು ಕಂಡರೆ ಪಾಕ ಕೆಟ್ಟಿಲ್ಲ. ಪಾತ್ರೆಗೆ ಸುರಿದು, ಪ್ರತಿ ಲೀಟರಿಗೆ ಎರಡು ಮೂರು ಟೇಬಲ್ ಚಮಚ ನೀರು ಸೇರಿಸಿ ಬಿಸಿ ಮಾಡಿ, ಹೊಸದಾಗಿ ಕುದಿಸಿದ ಬಾಟಲಿಗೆ ತುಂಬಿ. ಹಳೆಯ ಬಾಟಲಿಗೇ ತುಂಬಿದರೆ ಅಲ್ಲಿ ಅಂಟಿರುವ ಹರಳು ಮತ್ತೆ ಅದೇ ಕೆಲಸ ಮಾಡುತ್ತದೆ.

ಮುಚ್ಚಳ ತೆಗೆದಾಗ ಬುಸ್ ಅಂದರೆ, ಗುಳ್ಳೆ ಏಳುತ್ತಿದ್ದರೆ, ಹೆಂಡದ ವಾಸನೆ ಬಂದರೆ ಹುಳಿತಿದೆ. ಬೂಷ್ಟು ಕಂಡರೂ ಅಷ್ಟೇ. ಮೇಲಿನದು ತೆಗೆದು ಕುದಿಸಿ ಬಳಸೋಣ ಅನ್ನಿಸುತ್ತದೆ, ಸಕ್ಕರೆ ಹಾಳಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಆದರೂ ಚೆಲ್ಲಿ. ಬೂಷ್ಟಿನ ವಿಷ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಪಾಕ ಹಳದಿ ತಿರುಗಿದ್ದರೆ ಉರಿ ಜಾಸ್ತಿ ಆಗಿದೆ ಅಷ್ಟೇ. ಕುಡಿಯಲು ಅಡ್ಡಿಯಿಲ್ಲ.

ಗ್ಲಾಸಿಗೆ ಹಾಕುವಾಗ

ಗಟ್ಟಿ ಪಾಕ 30 ಮಿ.ಲೀ., ಅಂದರೆ ಎರಡು ಟೇಬಲ್ ಚಮಚ, 200 ಮಿ.ಲೀ. ಗ್ಲಾಸಿಗೆ ಸರಿಯಾಗುತ್ತದೆ. ಒಂದು ಕೆಜಿ ಸಕ್ಕರೆಯ ಪಾಕದಲ್ಲಿ ಸುಮಾರು 40 ಗ್ಲಾಸ್. ತೆಳು ಪಾಕ ಆದರೆ 40 ಮಿ.ಲೀ. ಹಾಕಿ. ಗಟ್ಟಿ ಪಾಕದ ಆ 30 ಮಿ.ಲೀ.ನಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ನಮ್ಮ ಮನೆಯಲ್ಲಿ ದಿನಕ್ಕೆ ಒಂದೇ ಗ್ಲಾಸ್, ಮಕ್ಕಳಿಗೆ ಅರ್ಧ. ಸಕ್ಕರೆ ಕಾಯಿಲೆ ಇರುವವರಿಗೆ ಉಪ್ಪು, ನಿಂಬೆ, ಪುದೀನ ಎಲೆ ಹಾಕಿ ಬೇರೆ ಮಾಡಿಕೊಡಿ. ಬೆಲ್ಲದ ಪಾಕ ಅವರಿಗೆ ಪರವಾಗಿಲ್ಲ ಅನ್ನುವ ಮಾತು ನಂಬಬೇಡಿ.

ನನ್ನಾರಿಗೆ ಜೊತೆಯಾಗಿ ಕಾಮಕಸ್ತೂರಿ ಬೀಜ ಹಾಕಿ. ಒಂದು ಟೀ ಚಮಚ ಬೀಜ ಅರ್ಧ ಲೋಟ ನೀರಲ್ಲಿ 15 ನಿಮಿಷ ನೆನೆದರೆ ಕಪ್ಪು ಬೀಜದ ಸುತ್ತ ಲೋಳೆ ಉಬ್ಬಿಕೊಳ್ಳುತ್ತದೆ. ನೆನೆಯದ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸೋಡಾ ಶರಬತ್ತಿಗೆ ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು, ಪಾಕ ಮೂರನ್ನೂ ಮೊದಲು ಗ್ಲಾಸಿನಲ್ಲೇ ಚೆನ್ನಾಗಿ ಕಲಸಿ. ಉಪ್ಪು ಪೂರ್ತಿ ಕರಗಿರಬೇಕು, ಇಲ್ಲದಿದ್ದರೆ ಅದೂ ಸಕ್ಕರೆಯ ಹಾಗೇ ಸೋಡಾ ಉಕ್ಕಿಸುತ್ತದೆ. ಆಮೇಲೆ ಗ್ಲಾಸನ್ನು ಸ್ವಲ್ಪ ಓರೆ ಹಿಡಿದು ಫ್ರಿಜ್‌ನಲ್ಲಿ ತಣ್ಣಗಾದ ಸೋಡಾವನ್ನು ಗೋಡೆಗುಂಟ ಇಳಿಬಿಡಿ. ಭಾರವಾದ ಪಾಕ ತಳದಲ್ಲೇ ಕೂರುತ್ತದೆ. ಚಮಚ ತಳಕ್ಕೆ ಇಳಿಸಿ ಒಂದೇ ಒಂದು ಸಲ ಮೇಲಕ್ಕೆ ಎತ್ತಿ, ಗುಳ್ಳೆ ಏಳುತ್ತಿರುವಾಗಲೇ ಕೊಡಿ.